ಎಡಗಾಲಿನ ಗಂಟು

‘ಗಂಟು ಬಿಚ್ಚಬೇಡಿ’ ಎಂದು ಹೇಳುವುದು ಹೇಗೆ? ಬೆಳಗ್ಗೆ ಎದ್ದಾಗಿನಿಂದ ನನ್ನನ್ನು ಕಾಡುತ್ತಿದ್ದ ಚಿಂತೆ ಇಷ್ಟೇ. ಎರಡೇ ಪದ. ಬಚ್ಚಲಲ್ಲಿ ನಲ್ಲಿ ಜೋರಾಗಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಹೇಳಿ ನೋಡಿಕೊಂಡಿದ್ದೆ. ಅಲ್ಲಿ ಚೆನ್ನಾಗಿಯೇ ಬಂದಿತ್ತು.

ಆದರೆ ಇನ್‌ಸ್ಪೆಕ್ಟರ್ ಮೇಡಂ ನನ್ನ ಕಣ್ಣೆದುರಿಗೇ ಅಜ್ಜನ ಎಡಗಾಲಿನ ಬೂಟನ್ನು ಮೇಜಿನ ಮೇಲಿಟ್ಟು, ಲೇಸಿನ ತುದಿಗೆ ಕೈ ಹಾಕಿದಾಗ ಬಾಯಿಗೆ ಬಂದದ್ದು ಬೇರೆಯೇ ಒಂದು ಪದ.

“ಮೇಡಂ,” ಎಂದೆ.

“ಏನಮ್ಮ?”

“ಅದು...”

ಅವರ ಬೆರಳು ನಿಂತಿತು. “ಬಿಚ್ಚಬಾರದಾ?”

ತಲೆಯಾಡಿಸಿದೆ.

“ಬಾಯಿ ಬಿಟ್ಟು ಹೇಳಿದ್ರೆ ಮುತ್ತು ಉದುರಿಹೋಗುತ್ತಾ?” ಎಂದರು. ಲೇಸನ್ನು ಬಿಟ್ಟು ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದರು. ಸಿಗರೇಟು ಬಿಟ್ಟವರು ಅವರು. ಯೋಚನೆ ಹತ್ತಿದಾಗ ಪೆಪ್ಪರ್‌ಮಿಂಟು ಕೆನ್ನೆ ಬದಲಿಸುತ್ತಿತ್ತು.

ಒಗಟು ಇಷ್ಟು: ಹಿರಿಯರ ಅರ್ಧ ಮ್ಯಾರಥಾನ್ ಚಾಂಪಿಯನ್‌ಶಿಪ್ಪಿನಲ್ಲಿ, ಎಪ್ಪತ್ತು ದಾಟಿದವರ ವಿಭಾಗದಲ್ಲಿ, ನನ್ನ ಅಜ್ಜ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದ ಎಂದು ಯಂತ್ರ ಹೇಳುತ್ತಿತ್ತು, ಅಜ್ಜನ ದೇಹ ಸಿಕ್ಕಿದ್ದು ಮಾತ್ರ ಗುರಿಗಿಂತ ಎಷ್ಟೋ ಹಿಂದೆ, ನದಿಯ ದಂಡೆಯಲ್ಲಿ, ದೋಣಿಗಳನ್ನಿಡುವ ಶೆಡ್ಡಿನ ಹಿಂಬದಿ, ಓಟದ ದಾರಿಗೆ ಕಾಣದ ಕಡೆ.

ಯಂತ್ರಕ್ಕೆ ಮುಖ ಕಾಣುವುದಿಲ್ಲ. ಓಡುವವರೆಲ್ಲ ಕೋಟಿನ ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಚಿಪ್ಪನ್ನು ಎಡಗಾಲಿನ ಬೂಟಿನ ಲೇಸಿಗೆ ಪೋಣಿಸಿಕೊಂಡಿರುತ್ತಾರೆ. ಹೊರಡುವಲ್ಲಿ, ಅರ್ಧ ದಾರಿಯ ತಿರುವಿನಲ್ಲಿ, ಗುರಿಯಲ್ಲಿ ನೆಲಕ್ಕೆ ಹಾಸಿದ ಮ್ಯಾಟ್ ಮೇಲೆ ಕಾಲಿಟ್ಟರೆ ಯಂತ್ರ ‘ಬೀಪ್’ ಎನ್ನುತ್ತದೆ. ಯಾರ ಚಿಪ್ಪೋ ಅವರು ಬಂದರು ಎಂದು ಅದರ ಲೆಕ್ಕ. ಅಜ್ಜನ ಚಿಪ್ಪು ಗುರಿಯಲ್ಲಿ ಬೀಪ್ ಎಂದಿತ್ತು. ಆಮೇಲೆ ಅದೇ ಚಿಪ್ಪು ಶೆಡ್ಡಿನ ಹಿಂದೆ, ಮಲಗಿದ್ದ ಅಜ್ಜನ ಕಾಲಲ್ಲಿ ಸಿಕ್ಕಿತ್ತು.

“ಸರಿ, ಬಿಚ್ಚಲ್ಲ,” ಎಂದರು ಮೇಡಂ. “ನೀನು ಹೇಳಿದ್ದನ್ನೇ ಇನ್ನೊಂದು ಸಲ ನೋಡೋಣ. ಬಲಗಾಲಿಂದು?”

“ಅಜ್ಜಂದು.”

ಬಲಗಾಲಿನ ಬೂಟಿನಲ್ಲಿ ಗಂಟಿನ ಮೇಲೆ ಗಂಟು. ಕುಣಿಕೆಗಳು ಹಸುವಿನ ಕಿವಿಯ ಹಾಗೆ ಎರಡೂ ಕಡೆ ಜೋತುಬಿದ್ದಿದ್ದವು. ಅಜ್ಜ ಜೀವಮಾನವಿಡೀ ಹಾಕಿದ್ದು ಅದೊಂದೇ ಗಂಟು. ಬೂಟಿಗೂ ಅದೇ, ಹಳೇ ಪೇಪರಿನ ಕಟ್ಟಿಗೂ ಅದೇ.

ಎಡಗಾಲಿನದು ಬೇರೆ. ಒಂದೇ ಗಂಟು, ಅದೂ ಇನ್ನೊಂದು ದಿಕ್ಕಿಗೆ ವಾಲಿಕೊಂಡಿತ್ತು. ಕುಣಿಕೆಗಳು ಹೊರಗೆ ಕಾಣುತ್ತಲೇ ಇರಲಿಲ್ಲ. ಅಡ್ಡ ಹಾಯ್ದ ಲೇಸಿನ ಅಡಿಗೆ ಅಚ್ಚುಕಟ್ಟಾಗಿ ತೂರಿಸಿಟ್ಟಿದ್ದರು.

“ಎದುರಿಗೆ ಕೂತವರು ಕಟ್ಟಿದ ಗಂಟು ಇದು. ಅಂದ್ರೆ ನಿಮ್ಮಜ್ಜ ಬಿದ್ದ ಮೇಲೆ, ಅವರ ಪಾದದ ಹತ್ತಿರ ಯಾರೋ ಮಂಡಿಯೂರಿ ಕೂತಿದ್ದಾರೆ.” ಮೇಡಂ ಕಿಟಕಿಯತ್ತ ನೋಡಿದರು. “ಡಾಕ್ಟರ್ ಹೇಳಿದ್ದು ಗೊತ್ತಲ್ಲ? ಬಿದ್ದ ತಕ್ಷಣ ಹೋಗಿಲ್ಲ. ಸ್ವಲ್ಪ ಹೊತ್ತು ಉಸಿರಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಶೆಡ್ಡಿನ ಕಾವಲುಗಾರ, ಅದೂ ಎಲ್ಲಾ ಮುಗಿದ ಮೇಲೆ. ಈ ಗಂಟು ಹಾಕಿದವರಿಗೆ ಲೇಸು ಕಟ್ಟೋಕೆ ಪುರುಸೊತ್ತಿತ್ತು. ಫೋನ್ ಮಾಡೋಕೆ ಇರ್ಲಿಲ್ಲ.”

ನಾನು ಮಡಿಲಲ್ಲಿದ್ದ ನನ್ನ ಕೈಗಳನ್ನು ನೋಡುತ್ತ ಕೂತೆ.

“ಇದೇನು?” ಮೇಡಂ ಪೆನ್ನಿನ ತುದಿಯಿಂದ ತೋರಿಸಿದರು. ಲೇಸಿನ ಒಂದು ಮಗ್ಗುಲಿಗೆ ಗುಲಾಬಿ ಬಣ್ಣದ ಚುಕ್ಕೆ ಅಂಟಿತ್ತು. ಸಾಸಿವೆ ಕಾಳಿಗಿಂತ ಚಿಕ್ಕದು. “ಓಡುವಾಗ ಏನೋ ಜೆಲ್ ತಿಂತಾರಲ್ಲ, ಅದಾ?”

“ಇರಬಹುದು,” ಎಂದೆ.

ಇರಬಹುದು ಎನ್ನುವುದು ನನ್ನ ಮಟ್ಟಿಗೆ ಬಹಳ ಅನುಕೂಲದ ಮಾತು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಪರೀಕ್ಷೆಯ ಮೌಖಿಕದಲ್ಲೂ ಅದನ್ನೇ ನಂಬಿ ಪಾಸಾದವಳು ನಾನು.

“ನಿಮ್ಮಮ್ಮ ಮತ್ತೆ ಫೋನ್ ಮಾಡಿದ್ರು,” ಎಂದರು ಮೇಡಂ, ಬೂಟನ್ನು ಚೀಲಕ್ಕೆ ಹಾಕುತ್ತ. “ಬೂಟು ಯಾವಾಗ ಕೊಡ್ತೀರಿ, ತೊಳೀಬೇಕು ಅಂತ. ತೊಳೆಯೋದಂದ್ರೆ ಅವರಿಗೆ ಅಷ್ಟು ಇಷ್ಟವಾ?”

ತಲೆಯಾಡಿಸಿದೆ. ಅಮ್ಮ ಎಲ್ಲವನ್ನೂ ತೊಳೆಯುತ್ತಾಳೆ. ಅದರಲ್ಲಿ ವಿಶೇಷವೇನಿಲ್ಲ ಎಂದು ಮನಸ್ಸಿನಲ್ಲೇ ನನಗೆ ನಾನೇ ಹೇಳಿಕೊಂಡೆ.

“ಮಧ್ಯಾಹ್ನ ನಿಮ್ಮಜ್ಜನ ಜೊತೆ ಓಡ್ತಿದ್ದ ಸೆಲೂನ್ ತಾತನ ಮನೆಗೆ ಹೋಗೋಣ. ನೀನೂ ಬಾ. ನಿನ್ನ ಮುಖ ಕಂಡ್ರೆ ಅವರು ಸುಳ್ಳು ಕಡಿಮೆ ಹೇಳ್ತಾರೆ.”

* * *

ಅಮ್ಮ ಹಲ್ಲು ಮಾಡುತ್ತಾಳೆ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ಅಮ್ಮ ಅದಕ್ಕೆ ಗಾರೆ ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಜೋಡಿಸುತ್ತಾಳೆ. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಬಂದವರಿಗೆಲ್ಲ ಮೊದಲು ಕಾಣುವುದು ಕಪಾಟಿನ ತುಂಬ ನಗುತ್ತ ಕೂತಿರುವ ಒಸಡುಗಳು. ನಮ್ಮ ಮನೆಯಲ್ಲಿ ಅಷ್ಟಾಗಿ ನಗುತ್ತಿದ್ದವರು ಅವರೇ ಎಂದು ಅಜ್ಜ ತಮಾಷೆ ಮಾಡುತ್ತಿದ್ದ.

ಅಜ್ಜನ ಹಲ್ಲಿನ ಸೆಟ್ಟೂ ಅಮ್ಮನ ಕೈಯದೇ. ಓಟದ ದಿನ ಅಜ್ಜ ಅದನ್ನು ತೆಗೆದು ಲೋಟದ ನೀರಿನಲ್ಲಿಟ್ಟು ಹೋಗುತ್ತಿದ್ದ. “ಏದುಸಿರಿಗೆ ಬಾಯಿಂದ ಹಾರಿ ನನಗಿಂತ ಮುಂದೆ ಓಡಿಬಿಟ್ರೆ? ಪದಕ ಹಲ್ಲಿಗೆ ಹೋಗುತ್ತೆ!” ಎನ್ನುತ್ತಿದ್ದ.

ಆ ಲೋಟ ಈಗಲೂ ಅಮ್ಮನ ಮೇಜಿನ ಮೂಲೆಯಲ್ಲಿತ್ತು. ನೀರು ಬದಲಾಗಿತ್ತು. ದಿನವೂ ಬದಲಾಗುತ್ತಿತ್ತು.

“ಬೂಟು ಕೊಟ್ರಾ?” ಎಂದಳು ಅಮ್ಮ, ತಲೆಯೆತ್ತದೆ.

“ಇಲ್ಲ.”

“ಯಾಕಂತೆ?”

“ಇನ್ನೂ ನೋಡ್ಬೇಕಂತೆ.”

“ಬೂಟಲ್ಲಿ ಏನಿರುತ್ತೆ ನೋಡೋಕೆ? ಕೆಸರು.” ಸ್ಪಿರಿಟ್ ದೀಪದ ಮೇಲೆ ಸಣ್ಣ ಚಮಚ ಹಿಡಿದಳು. ಮೇಣ ಕರಗಿತು. “ಕೆಸರು ಒಣಗಿದ್ರೆ ಆಮೇಲೆ ಹೋಗಲ್ಲ. ಹೇಳು ಅವರಿಗೆ.”

ಹೇಳು ಅವರಿಗೆ. ಇದನ್ನು ಕೇಳಿ ಕೇಳಿ ನನಗೆ ಅಭ್ಯಾಸ. ಹೃದಯ ಬಡಿತ ಸರಿಯಿಲ್ಲ, ಇನ್ನು ಓಡಬಾರದು ಎಂದು ಡಾಕ್ಟರು ಹೇಳಿ, ಅಜ್ಜ ಕಿವಿಗೆ ಹಾಕಿಕೊಳ್ಳದೆ ಹೋದ ದಿನ ಅಮ್ಮ ಅಜ್ಜನ ಜೊತೆ ಮಾತು ಬಿಟ್ಟಿದ್ದಳು. “ನೀನು ಓಡೋದಾದ್ರೆ ಓಡಪ್ಪ. ನಾನು ನಿನ್ನ ಮುಖ ನೋಡಲ್ಲ. ನೀನು ಬಿದ್ರೆ ಎತ್ತೋಕೂ ಬರಲ್ಲ” ಎಂದಿದ್ದಳು. ಆಮೇಲೆ ಒಂದೇ ಸೂರಿನಡಿ ಇಬ್ಬರೂ ನನ್ನ ಮೂಲಕ ಬದುಕಿದರು. ಅಜ್ಜ ಎದುರಿಗೇ ಕೂತಿರುತ್ತಿದ್ದ. “ನಿಮ್ಮಜ್ಜನಿಗೆ ಊಟಕ್ಕೆ ಬರೋಕೆ ಹೇಳು” ಎನ್ನುತ್ತಿದ್ದಳು ಅಮ್ಮ. “ನಿಮ್ಮಮ್ಮನಿಗೆ ಉಪ್ಪು ಕಡಿಮೆಯಾಗಿದೆ ಅಂತ ಹೇಳು” ಎನ್ನುತ್ತಿದ್ದ ಅಜ್ಜ. ಮಾತೇ ಬಾರದ ನಾನು ಇಬ್ಬರ ಮಾತನ್ನೂ ಹೊತ್ತು ತಿರುಗುತ್ತಿದ್ದೆ.

ಓಟದ ದಿನ ಅಮ್ಮ ಬರಲಿಲ್ಲ. ಬೆಳಗ್ಗೆಯಿಡೀ ಇದೇ ಮೇಜಿನ ಮುಂದೆ ಇದ್ದೆ, ಅರ್ಜೆಂಟು ಸೆಟ್ಟೊಂದಿತ್ತು ಎಂದು ಪೊಲೀಸರಿಗೆ ಹೇಳಿದ್ದಳು. ನಾನು ಅರ್ಧ ದಾರಿಯ ತಿರುವಿನಲ್ಲಿ ಸ್ವಯಂಸೇವಕಿಯಾಗಿ ನೀರು ಕೊಡುತ್ತಿದ್ದೆ. ಸಂಘದವರು ಮನೆಗೆ ತಂದುಕೊಟ್ಟ ಚಿನ್ನದ ಪದಕ ಫ್ರಿಜ್ಜಿನ ಮೇಲೆ ಡಬ್ಬಿಯ ಸಮೇತ ಹಾಗೇ ಇತ್ತು. ಅಮ್ಮ ಅದನ್ನು ಮುಟ್ಟಿರಲಿಲ್ಲ. ಫ್ರಿಜ್ಜನ್ನು ಒರೆಸುವಾಗಲೂ ಅದರ ಸುತ್ತ ಒರೆಸುತ್ತಿದ್ದಳು.

“ಊಟ ಮಾಡಿ ಹೋಗು,” ಎಂದು ಅಮ್ಮ ಎದ್ದಳು. ಬಾಗಿಲ ಬಳಿ ನಿಂತು ಬೆಂಕಿಕಡ್ಡಿಯಿಂದ ಉಗುರಿನ ಸಂದು ಕೆರೆದುಕೊಂಡಳು. ಊಟಕ್ಕೆ ಮುಂಚೆ ದಿನವೂ ಮಾಡುವ ಕೆಲಸ. ಸಣ್ಣ ಸಣ್ಣ ಚೂರುಗಳು ನೆಲಕ್ಕೆ ಉದುರಿದವು.

ಒಸಡಿನ ಮೇಣ ಗುಲಾಬಿ ಬಣ್ಣದ್ದು.

ಮಧ್ಯಾಹ್ನ ಹೊರಡುವ ಮುಂಚೆ ಡೈರಿ ತೆಗೆದು ಕೂತೆ. ಊಟಕ್ಕೆ ಏನಿತ್ತು ಎಂದು ಬರೆದೆ. ಬಿಸಿಲು ಇತ್ತು ಎಂದು ಬರೆದೆ. ಬಣ್ಣದ ವಿಷಯ ಬರೆಯಲಿಲ್ಲ.

* * *

ಸೆಲೂನ್ ತಾತನ ಕೋಣೆ ಅವರ ಮಗ ನಡೆಸುವ ಸೆಲೂನಿನ ಮೇಲ್ಗಡೆ. ಕೆಳಗಿನಿಂದ ಕೂದಲು ಕತ್ತರಿಸುವ ಮಿಷನ್ನಿನ ಗುಂಯ್‌ಗುಡುವಿಕೆ ನೆಲದ ಹಲಗೆಗಳ ಮೂಲಕ ಪಾದಕ್ಕೆ ತಾಗುತ್ತಿತ್ತು. ಕೋಣೆಯ ನಡುವೆ ತಾತನ ಹಳೆಯ ಕುರ್ಚಿ: ಕಬ್ಬಿಣದ ಕಾಲಿನ, ಕಾಲಿಡಲು ಮೆಟ್ಟಿಲಿರುವ, ಗಿರಗಿರ ತಿರುಗುವ ಕ್ಷೌರದ ಕುರ್ಚಿ. ಮಗ ಹೊಸದು ತಂದಾಗ ಇದನ್ನು ಎಸೆಯಲು ಬಿಡದೆ ಮೇಲಕ್ಕೆ ಹೊರಿಸಿಕೊಂಡಿದ್ದರಂತೆ.

ತಾತ ಅದರಲ್ಲೇ ಕೂತಿದ್ದರು. ಊರಿನ ಅರ್ಧ ಜನರ ತಲೆ ಬೋಳಿಸಿದ ಕೈ ಈಗ ತೊಡೆಯ ಮೇಲೆ ಮಗುಚಿ ಬಿದ್ದಿತ್ತು. ಸಂಧಿವಾತಕ್ಕೆ ಬೆರಳುಗಳು ಶುಂಠಿಯ ಬೇರಿನ ಹಾಗೆ ಗಂಟುಕಟ್ಟಿದ್ದವು. ಕತ್ತರಿ ಹಿಡಿಯುವುದು ನಿಂತು ಎಷ್ಟೋ ವರ್ಷವಾಗಿತ್ತು. ಕಾಲು ಮಾತ್ರ ಓಡುತ್ತಿತ್ತು. ಪಾದ ಹೊರಕ್ಕೆ ಚೆಲ್ಲಿ ಓಡುತ್ತಾರೆಂದು ಅಜ್ಜ ಅವರನ್ನು ‘ಬಾತು’ ಎನ್ನುತ್ತಿದ್ದ. ಅವರು ಅಜ್ಜನನ್ನು ‘ಮುದಿ ಕುದುರೆ’ ಎನ್ನುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದ ಇಬ್ಬರೂ ಜೊತೆಗೆ ಓಡಿದವರು. ಪ್ರತಿಸಲವೂ ಕುದುರೆ ಮುಂದೆ, ಬಾತು ಹಿಂದೆ.

“ಬಾ ಪುಟ್ಟಿ,” ಎಂದರು. “ನೀವೂ ಬನ್ನಿ ಮೇಡಂ. ಟೀ ಹೇಳ್ಲಾ? ನನ್ನ ಮಗನ ಟೀ ಕುಡಿದ್ರೆ ನಿಮ್ಮ ಲಾಕಪ್ಪಲ್ಲಿರೋರೆಲ್ಲ ತಪ್ಪೊಪ್ಕೋತಾರೆ.”

“ಟೀ ಬೇಡ. ತಪ್ಪೊಪ್ಕೊಳೋದು ಬೇಕು,” ಎಂದರು ಮೇಡಂ.

ತಾತನ ನಗು ಅಲ್ಲಿಗೇ ನಿಂತಿತು.

ಮೇಡಂ ಒಂದು ಫೋಟೊ ತೆಗೆದು ಅವರ ಮಡಿಲಲ್ಲಿಟ್ಟರು. ಗುರಿಯ ಮ್ಯಾಟ್ ಮೇಲೆ ತಾತ ಕಾಲಿಡುತ್ತಿರುವ ಫೋಟೊ. ಹಿಂದೆ ಮುಂದೆ ಯಾರೂ ಇಲ್ಲ.

“ನಿಮ್ಮ ಸ್ನೇಹಿತರ ಚಿಪ್ಪು ಬೀಪ್ ಅಂದ ಹೊತ್ತಿನ ಫೋಟೊ ಇದು. ಅವರಿಲ್ಲ. ನೀವಿದ್ದೀರಿ. ನೀವು ಓಟ ಮುಗಿಸಿಲ್ಲ ಅಂತ ಯಂತ್ರ ಹೇಳುತ್ತೆ. ಅವರು ಮುಗಿಸಿದ್ರು ಅಂತ ಹೇಳುತ್ತೆ. ಏನಿದು?”

ತಾತ ಫೋಟೊವನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡವರ ಹಾಗೆ ಹೇಳಿದರು.

“ಅವನು ಶೆಡ್ಡಿನ ಹಿಂದೆ ಬಿದ್ದಿದ್ದ. ನೋಡಿದೆ. ಹೋಗ್ಬಿಟ್ಟಿದ್ದ. ಕೊನೇ ಓಟ, ಗೆದ್ದ ಅಂತ ಆಗ್ಲಿ ಅಂತ ಅವನ ಚಿಪ್ಪು ಬಿಚ್ಕೊಂಡು ನಾನೇ ಮುಟ್ಟಿಸ್ದೆ. ಆಮೇಲೆ ವಾಪಸ್ ಹೋಗಿ ಅವನ ಕಾಲಿಗೇ ಕಟ್ಟಿದೆ. ಅಷ್ಟೇ. ಬರ್ಕೊಳಿ.”

“ಹೋಗ್ಬಿಟ್ಟಿದ್ರು ಅಂತ ನಿಮಗೆ ಹೇಗೆ ಗೊತ್ತು? ನಾಡಿ ನೋಡಿದ್ರಾ?”

“ನೋಡೋದೇನು... ನಾನು ಹೋದಾಗ ಅವನ ತಲೆ...” ತಾತ ತಡೆದರು. “ನೆಲದ ಮೇಲಿತ್ತು.”

ತಲೆ ಎಲ್ಲಿತ್ತು ಎಂದು ಯಾರೂ ಕೇಳಿರಲಿಲ್ಲ.

ಪೆಪ್ಪರ್‌ಮಿಂಟು ಕೆನ್ನೆ ಬದಲಿಸಿತು. “ಅವರ ಚಿಪ್ಪು ನಿಮ್ಮ ಕೈಯಲ್ಲಿತ್ತು. ನಿಮ್ಮ ಚಿಪ್ಪು?”

“ನನ್ನ ಕಾಲಲ್ಲಿತ್ತು.”

“ಹಾಗಿದ್ರೆ ಗುರಿಯಲ್ಲಿ ಎರಡು ಬೀಪ್ ಬರ್ಬೇಕಿತ್ತು. ಬಂದಿದ್ದು ಒಂದೇ.”

“ನಂದು ಕೆಟ್ಟಿರ್ಬೇಕು.”

“ತಿರುವಿನಲ್ಲಿ ಕೆಟ್ಟಿರ್ಲಿಲ್ಲ. ಅಲ್ಲಿ ನಿಮ್ಮ ಚಿಪ್ಪು ಮೊದಲು ಬೀಪ್ ಅಂದಿದೆ. ಅವರದ್ದು ಆಮೇಲೆ.” ಮೇಡಂ ನನ್ನತ್ತ ತಿರುಗಿದರು. “ತಿರುವಿನಲ್ಲಿ ನೀನಿದ್ದೆ. ಯಾರು ಮೊದಲು ಬಂದ್ರು?”

ನನ್ನ ಕಣ್ಣೆದುರು ಅಜ್ಜ ಬಂದ. ಹಲ್ಲಿಲ್ಲದ ಬಾಯಿ ಅಗಲ ಮಾಡಿ, ಪೇಪರ್ ಲೋಟ ಕಿತ್ತುಕೊಂಡು, ಅರ್ಧ ನೀರು ತಲೆಗೆ ಸುರಿದುಕೊಂಡು, ನಿಲ್ಲದೆಯೇ ಕೂಗಿದ್ದ: “ಬಾತು ಎಷ್ಟು ಹಿಂದಿದೆಯೇ?” ಸುತ್ತ ಅಷ್ಟು ಜನ. ನನಗೆ ಕೂಗಲಾಗಲಿಲ್ಲ. ಬೆರಳು ಎತ್ತಿ ತೋರಿಸಿದೆ. ಅಜ್ಜ ತಿರುಗಿ ನೋಡಲಿಲ್ಲ. ಅವನಿಗೆ ಅದು ಕಂಡಿತೋ ಇಲ್ಲವೋ ಗೊತ್ತಿಲ್ಲ. ಅವನು ನನ್ನನ್ನು ಕೊನೆಯದಾಗಿ ಕೇಳಿದ್ದು ಅದೇ.

“ಅಜ್ಜ,” ಎಂದೆ. “ಅಜ್ಜ ಮುಂದಿದ್ದ.”

“ಕೇಳಿದ್ರಾ?” ಮೇಡಂ ಸ್ವರ ತಗ್ಗಿಸಿದರು. “ಅಲ್ಲಿ ಇಬ್ರೂ ಜೀವಂತವಾಗಿ ಓಡ್ತಿದ್ರಿ. ಅವರು ಮುಂದೆ, ನೀವು ಹಿಂದೆ. ಯಂತ್ರಕ್ಕೆ ಮಾತ್ರ ತಿರುಗಾಮುರುಗಾ ಕಂಡಿದೆ. ಯಾಕಂದ್ರೆ ಶುರುವಿನಿಂದಲೇ ನಿಮ್ಮ ಕಾಲಲ್ಲಿ ಅವರ ಚಿಪ್ಪಿತ್ತು, ಅವರ ಕಾಲಲ್ಲಿ ನಿಮ್ಮದಿತ್ತು. ನೀವು ಯಾರದನ್ನೂ ಕದ್ದಿಲ್ಲ. ನಿಮ್ಮ ಪಾಡಿಗೆ ನೀವು ಓಡಿ ಬಂದಿದ್ದೀರಿ.”

ಕೆಳಗೆ ಮಗ ಯಾರಿಗೋ “ಕಿವಿ ಹಿಂದೆ ಇನ್ನೂ ಸಣ್ಣ ಮಾಡ್ಲಾ?” ಎಂದು ಕೇಳುತ್ತಿದ್ದ.

ನಾನು ಆಗ ತಾತನ ಕಾಲು ನೋಡಿದೆ. ಮನೆಯೊಳಗೂ ಅವರು ಓಟದ ಬೂಟು ಹಾಕಿಕೊಂಡೇ ಕೂತಿದ್ದರು. ಬಲಗಾಲಿನ ಬೂಟಿನಲ್ಲಿ ಗಂಟಿನ ಮೇಲೆ ಗಂಟು, ಹಸುವಿನ ಕಿವಿ. ಅಜ್ಜನ ಗಂಟು. ಆ ದಿನದಿಂದ ಬಿಚ್ಚದೆ, ಹಿಮ್ಮಡಿ ಜಗ್ಗಿ ಜಗ್ಗಿ ಹಾಕಿಕೊಂಡು ಬೂಟಿನ ಹಿಂಬದಿ ತುಳಿದು ಚಪ್ಪಟೆಯಾಗಿತ್ತು. ಎಡಗಾಲಿನದು ಮಾತ್ರ ಬಿಚ್ಚಿಹೋಗಿ, ಲೇಸನ್ನು ಒಳಗೆ ತುರುಕಲಾಗಿತ್ತು.

ತಾತನಿಗೆ ನನ್ನ ನೋಟ ಗೊತ್ತಾಯಿತು. ಬಲಗಾಲನ್ನು ಕುರ್ಚಿಯಡಿ ಎಳೆದುಕೊಂಡರು.

“ಅವನೇ ಕಟ್ಟೋದು,” ಎಂದರು. “ನನ್ನ ಕೈ ಹೀಗಾದ್ಮೇಲೆ ಪ್ರತಿ ಓಟಕ್ಕೂ ಅವನೇ. ಈ ಕುರ್ಚೀಲಿ ನನ್ನ ಕೂರಿಸಿ, ಎದುರು ಕೂತು, ‘ಬಾತಿನ ಪಾದಕ್ಕೆ ಬೂಟು ಬೇರೆ ಕೇಡು’ ಅಂತ ಬೈಕೊಂಡು ಕಟ್ಟೋನು. ಆ ಬೆಳಗ್ಗೆ ಎರಡು ಚಿಪ್ಪೂ ಅವನ ಜೇಬಲ್ಲೇ ಇತ್ತು. ಕನ್ನಡಕ ಹಾಕ್ಕೊಳ್ಳೋ ಅಂದೆ. ಓಡೋಕೆ ಹೋಗೋನಿಗೆ ಕನ್ನಡಕ ಯಾಕೋ ಅಂದ. ನಂದು ಅವನು ಹಾಕ್ಕೊಂಡ. ಅವನದ್ದು ನನಗೆ ಹಾಕ್ದ.”

“ನಿಮಗೆ ಯಾವಾಗ ಗೊತ್ತಾಯ್ತು?”

“ಮುಗಿಸಿದ್ಮೇಲೆ. ಬೋರ್ಡಲ್ಲಿ ಅವನ ಹೆಸರು ಮೊದಲನೇದು. ಸರಿ, ಎಂದಿನ ಹಾಗೆ ಕುದುರೆ ಬಂದುಬಿಟ್ಟಿದೆ, ಬೈಯ್ಯೋಣ ಅಂತ ಹುಡುಕ್ದೆ. ಇರ್ಲಿಲ್ಲ. ಬಂದಿದ್ದನ್ನ ನೋಡ್ದವರೂ ಇರ್ಲಿಲ್ಲ. ನನ್ನ ಹೆಸರೇ ಇಲ್ಲ. ಆಗ ಹೊಳೀತು. ಬೋರ್ಡಲ್ಲಿರೋ ಅವನು ನಾನು.” ಗಂಟುಬಿದ್ದ ಕೈಯ ಹಿಂಭಾಗದಿಂದ ಮೂಗು ಒರೆಸಿಕೊಂಡರು. “ನಾನು ಗೆದ್ದಿದ್ದೆ ಮೇಡಂ. ಇಷ್ಟು ವರ್ಷಕ್ಕೆ ಒಂದೇ ಒಂದು ಸಲ ಅವನನ್ನ ಹಿಂದೆ ಹಾಕಿದ್ದೆ. ಖುಷಿಗೆ ಕೂಗಿಬಿಟ್ಟೆ. ಅವನು ಯಾಕೆ ಹಿಂದೆ ಬಿದ್ದ ಅಂತ ಆ ಕ್ಷಣಕ್ಕೆ ತಲೆಗೇ ಬರ್ಲಿಲ್ಲ.”

ಮೇಡಂ ಸುಮ್ಮನಿದ್ದರು. ಸುಮ್ಮನಿರುವುದನ್ನು ಅವರಿಂದ ಕಲಿಯಬೇಕು; ನಾನಿರುವ ಹಾಗಲ್ಲ ಅದು.

“ಆಮೇಲೆ ದಾರಿ ಹಿಡಿದು ವಾಪಸ್ ಹೋದೆ. ಇದ್ದ. ಉಸಿರು ಇರ್ಲಿಲ್ಲ. ಚಿಪ್ಪು ಹಾಗೇ ಬಿಟ್ರೆ ನಾಳೆ ಸಂಘದೋರು ನೋಡಿ ಬದಲಾಯಿಸ್ತಾರೆ. ಗೆದ್ದೋನು ಬಾತು, ಓಟ ಮುಗಿಸದೆ ಸತ್ತೋನು ಕುದುರೆ ಅಂತಾಗುತ್ತೆ. ಅದಾಗ್ಬಾರ್ದು ಅನ್ನಿಸ್ತು. ನನ್ನ ಕಾಲಲ್ಲಿದ್ದಿದ್ದನ್ನ ಅವನಿಗೆ ಕಟ್ಟಿದೆ, ಅವನ ಕಾಲಲ್ಲಿದ್ದಿದ್ದನ್ನ ತಗೊಂಡೆ. ಆ ಡಬ್ಬೀಲಿದೆ.”

ಕಿಟಕಿಯ ಅಂಚಿನ ಡಬ್ಬಿಯಲ್ಲಿ, ಹಲ್ಲು ಮುರಿದ ಹಳೆಯ ಬಾಚಣಿಗೆಗಳ ನಡುವೆ, ಚಿಪ್ಪು ಇತ್ತು. ಮೇಡಂ ಅದನ್ನು ತೆಗೆದುಕೊಂಡರು.

“ಕಟ್ಟಿದೆ ಅಂದ್ರಿ.”

“ಹೂಂ.”

“ನೀವು.”

“ನಾನೇ. ಮತ್ಯಾರು?”

“ನಿಮ್ಮ ಎಡಗಾಲಿನ ಲೇಸು ಬಿಚ್ಚಿದೆಯಲ್ಲ. ಕಟ್ಟಿ ತೋರ್ಸಿ.”

“ಈಗ ಕೈ ನೋಯ್ತಿದೆ.”

“ಕಟ್ಟಿ ತೋರ್ಸಿ ತಾತ.”

ಅವರು ಬಗ್ಗಿದರು. ಲೇಸನ್ನು ಹೊರತೆಗೆಯಲು ಎರಡೂ ಅಂಗೈ ಸೇರಿಸಿ ಇಕ್ಕಳದ ಹಾಗೆ ಹಿಡಿದರು. ಒಂದು ತುದಿ ಸಿಕ್ಕಿತು. ಇನ್ನೊಂದನ್ನು ಹಿಡಿಯುವಷ್ಟರಲ್ಲಿ ಮೊದಲನೆಯದು ಜಾರಿತು. ಮತ್ತೆ ಹಿಡಿದರು. ಮತ್ತೆ ಜಾರಿತು. ಹಣೆಯಲ್ಲಿ ಬೆವರು ಮೂಡಿತು. ಹಲ್ಲು ಕಚ್ಚಿಕೊಂಡು ಇನ್ನೊಮ್ಮೆ ಬಗ್ಗಿದಾಗ ಅವರ ಗಂಟಲಿನಿಂದ ಒಂದು ಸದ್ದು ಬಂತು, ಏದುಸಿರೂ ಅಲ್ಲದ, ಅಳುವೂ ಅಲ್ಲದ ಸದ್ದು.

ನನಗೆ ನೋಡಲಾಗಲಿಲ್ಲ. ಮೇಡಂ ತಡೆಯುವ ಮೊದಲೇ ನಾನು ನೆಲಕ್ಕೆ ಮಂಡಿಯೂರಿದ್ದೆ.

“ಬಿಡಿ ತಾತ,” ಎಂದೆ.

ಅವರ ಎಡಗಾಲನ್ನು ಕಬ್ಬಿಣದ ಮೆಟ್ಟಿಲ ಮೇಲೆ ಸರಿಯಾಗಿ ಇಟ್ಟೆ. ಲೇಸಿನ ಎರಡೂ ತುದಿ ಎಳೆದೆ, ಅಡ್ಡ ಹಾಕಿದೆ, ಬಿಗಿದೆ, ಕುಣಿಕೆ ಮಾಡಿದೆ. ಅಜ್ಜ ಇಲ್ಲೇ ಕೂರುತ್ತಿದ್ದನಲ್ಲ, ಇದೇ ಹಲಗೆಯ ಮೇಲೆ, ಎಂದು ಯೋಚಿಸುತ್ತಿದ್ದೆನೇ ಹೊರತು ಕೈಯ ಕಡೆ ನನಗೆ ಗಮನವಿರಲಿಲ್ಲ. ಕೈಗೆ ಅದರ ಕೆಲಸ ಗೊತ್ತಿತ್ತು.

ಮುಗಿಯಿತು. ಬೆರಳು ತೆಗೆದೆ.

ಒಂದೇ ಗಂಟು. ಕುಣಿಕೆಗಳು ಕಾಣುತ್ತಿರಲಿಲ್ಲ. ಅಡ್ಡ ಹಾಯ್ದ ಲೇಸಿನ ಅಡಿಗೆ ಅಚ್ಚುಕಟ್ಟಾಗಿ ತೂರಿಕೊಂಡಿದ್ದವು.

ಹಿಂದಿನಿಂದ ಚೀಲದ ಸರಸರ ಸದ್ದು. ಮೇಡಂ ಅಜ್ಜನ ಬೂಟು ಹೊರತೆಗೆದು, ತಾತನ ಪಾದದ ಪಕ್ಕಕ್ಕೆ, ಮೆಟ್ಟಿಲ ಮೇಲೆ ಇಟ್ಟರು. ಎರಡು ಗಂಟುಗಳೂ ಅವಳಿಗಳ ಹಾಗೆ ಕೂತವು. ಒಂದರಲ್ಲಿ ಗುಲಾಬಿ ಚುಕ್ಕೆ, ಇನ್ನೊಂದರಲ್ಲಿ ಇಲ್ಲ. ಅಷ್ಟೇ ವ್ಯತ್ಯಾಸ.

“ಓಟದ ದಿನ ಕೊನೆಯವರು ದಾಟೋವರೆಗೂ ನೀನು ತಿರುವಿನಲ್ಲೇ ಇದ್ದೆ,” ಎಂದರು ಮೇಡಂ. ನನ್ನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದರು. ಪೆಪ್ಪರ್‌ಮಿಂಟಿನ ವಾಸನೆ ಮುಖಕ್ಕೆ ಬಡಿಯಿತು. “ನೀರು ಕೊಟ್ಟೋರೆಲ್ಲ ಹಾಗೇ ಹೇಳಿದ್ದಾರೆ. ಅದಕ್ಕೇ ನೀನು ಕಟ್ಟಿದ್ಯಾ ಅಂತ ನಾನು ಕೇಳಲ್ಲ. ಬೇರೆ ಕೇಳ್ತೀನಿ. ಹೀಗೆ ಕಟ್ಟೋದನ್ನ ನಿನಗೆ ಯಾರು ಕಲಿಸಿದ್ದು?”

“ಪುಟ್ಟಿ, ಬೇಡ.” ತಾತ ಕುರ್ಚಿಯಿಂದ ಏಳಲು ನೋಡಿದರು, ಕುರ್ಚಿ ತಿರುಗಿ ಅವರನ್ನು ಮತ್ತೆ ಕೂರಿಸಿತು. “ಎಲ್ರೂ ಹೀಗೇ ಕಟ್ತಾರೆ ಅಂತ ಹೇಳಮ್ಮ. ಸ್ಕೂಲಲ್ಲಿ ಕಲಿ‍ಸ್ತಾರೆ ಅಂತ ಹೇಳು. ಮೇಡಂ, ನಂದೇ ಅಂತ ಬರ್ಕೊಳಿ, ನಾನು ಸೈನ್ ಹಾಕ್ತೀನಿ, ಹೆಬ್ಬೆಟ್ಟು ಒತ್ತುತೀನಿ. ಆ ಮಗೂನ ಬಿಟ್ಬಿಡಿ.”

ಅವರಿಗೆ ಗೊತ್ತಿತ್ತು. ಅವರು ಶೆಡ್ಡಿನ ಹಿಂದೆ ಹೋದಾಗ ಅಜ್ಜ ಒಬ್ಬನೇ ಇರಲಿಲ್ಲ. ಅಜ್ಜನ ತಲೆ ನೆಲದ ಮೇಲಿರಲಿಲ್ಲ, ಯಾರದೋ ಮಡಿಲಲ್ಲಿತ್ತು.

ಚಿಕ್ಕಂದಿನಲ್ಲಿ ಶಾಲೆಗೆ ಹೊರಡುವ ಬೆಳಗು. ಹೊಸ್ತಿಲ ಮೇಲೆ ಕೂತ ನಾನು, ಎದುರು ಮಂಡಿಯೂರಿದ ಅಮ್ಮ. ಅವಳ ಬೈತಲೆ ನನ್ನ ಕಣ್ಣ ಕೆಳಗೆ. ಮೇಣದ ವಾಸನೆ. “ಕಿವಿ ಒಳಗೆ ಹಾಕು ಮರಿ. ಹೊರಗೆ ಬಿಟ್ರೆ ಬಂದೋರೆಲ್ಲ ಹಿಂಡಿಕೊಂಡು ಹೋಗ್ತಾರೆ” ಎಂದು, ಗುಲಾಬಿ ಅಂಚಿನ ಉಗುರಿನಿಂದ ಎರಡು ಕುಣಿಕೆಗಳನ್ನೂ ಲೇಸಿನಡಿಗೆ ನೂಕುತ್ತಿದ್ದಳು. ನನ್ನ ಕಿವಿಯನ್ನೂ ಮೆಲ್ಲಗೆ ಹಿಂಡುತ್ತಿದ್ದಳು. ನಾನು ನಗುತ್ತಿದ್ದೆ.

ಬಿದ್ದರೆ ಎತ್ತಲು ಬರುವುದಿಲ್ಲ ಎಂದವಳು ಅಲ್ಲಿಗೆ ಯಾಕೆ ಹೋದಳು? ಎಷ್ಟು ಹೊತ್ತಿನಿಂದ ಅಲ್ಲಿದ್ದಳು? ಫೋನ್ ಅವಳ ಕೈಚೀಲದಲ್ಲೇ ಇರುತ್ತದೆ, ಯಾವಾಗಲೂ.

‘ಇರಬಹುದು’ ಎನ್ನುವಂಥ ಮಾತೊಂದನ್ನು ಹುಡುಕಿದೆ. ಸಿಗುತ್ತಿತ್ತು. ತಲೆ ತಗ್ಗಿಸಿ ಕೂತಿದ್ದರೂ ನಡೆಯುತ್ತಿತ್ತು. ಬಾಯಿಲ್ಲದ ಹುಡುಗಿಯನ್ನು ಯಾರೂ ಬಹಳ ಕೇಳುವುದಿಲ್ಲ. ಅದು ನನಗೆ ಚಿಕ್ಕಂದಿನಿಂದ ಗೊತ್ತು.

ಆದರೆ ಅಜ್ಜ ಓಡುತ್ತಲೇ ಕೇಳಿದ್ದ. ನಾನು ಬೆರಳು ತೋರಿಸಿದ್ದೆ.

ಕೆಳಗೆ ಮಿಷನ್ನು ನಿಂತಿತು. ಮರೆಯಾಗಲು ನೀರಿನ ಸದ್ದೂ ಇರಲಿಲ್ಲ.

“ಅಮ್ಮ,” ಎಂದೆ. ಇಡೀ ಕೋಣೆಗೆ ಕೇಳಿಸಿತು. “ಅಜ್ಜನ ಕಾಲಲ್ಲಿರೋ ಗಂಟು ನಮ್ಮಮ್ಮ ಕಟ್ಟಿದ್ದು.”